ಕೌದಿ ಕಥಿ, ಭಾಗ 4: ಗಂಟು

ಮೊದಲನೇ ಫೋಟೋದಾಗ ಇರೋದು ನಾನು ಹೊಲಿದ ಕೌದಿ. ನಡುವಿನ ಮೂರು ಸಾಲು ಬಿಚ್ಚಿಹೋಗ್ಯಾವ ನೋಡ್ರಿ. ಒಂದೇ ಒಂದು ಸಲ ಒಗೆದಿದ್ದಕ್ಕ!

ಅಕ್ಕನ ಕೂಸಿಗೆ ಅಂತ ಹೊಲಿದಿದ್ದೆ. ಮೇಲೆ ಅವ್ವನ ಹಳೇ ಇಳಕಲ್ ಸೀರಿ, ಒಳಗ ಅಪ್ಪನ ಧೋತರ. ಟಾಕಿ ಸಣ್ಣಗ, ನೆಟ್ಟಗ ಬಂದಿದ್ವು. ಊರ ತುಂಬ ತೋರಿಸಿದ್ದೆ. ಆದ್ರ ಶುರುವಿನ ಗಂಟು ಸವೆದ ಬಟ್ಟೆಯಿಂದ ಜಾರಿ ಹೊರಗ ಬಂದಿತ್ತು. ಕೊನೆಗೆ ಗಂಟೇ ಹಾಕಿರಲಿಲ್ಲ, ದಾರ ಸುಮ್ನ ಕತ್ತರಿಸಿಬಿಟ್ಟಿದ್ದೆ.

ಆಯಿ ಬೈಲಿಲ್ಲ. "ಟಾಕಿ ಎಲ್ಲಾರೂ ಹಾಕ್ತಾರ ಯವ್ವಾ, ಗಂಟ ಹಾಕೋದ ಕಲಿ" ಅಂದ್ಲು. ಅವಳು ಕಲಿಸಿದ್ದು ಇಷ್ಟು, ನೀವೂ ಮಾಡಿ ನೋಡ್ರಿ.

ದಾರ ಒಂದು ಮೊಳ, ಹೆಚ್ಚಂದ್ರ ಒಂದೂವರೆ. ಉದ್ದಾದ್ರ ಸಿಕ್ಕು ಬೀಳ್ತದ. ದಾರದ ತುದಿಯನ್ನ ಸೂಜಿಗೆ ಒತ್ತಿ ಹಿಡಿದು, ಮೊನೆ ಹತ್ರ ಮೂರು ಸುತ್ತು ಸುತ್ರಿ. ಸುತ್ತನ್ನ ಚಿವುಟಿ ಹಿಡ್ಕೊಂಡು ಸೂಜಿ ಎಳೀರಿ, ತುದಿಗೆ ಗಂಟು ಬೀಳ್ತದ. ಮೇಲಿನ ಪದರದಾಗ ಮಾತ್ರ ಸೂಜಿ ಚುಚ್ಚಿ ಮೆಲ್ಲಗ ಎಳೆದ್ರ ಗಂಟು ಟಕ್ ಅಂತ ಒಳಗ ಹೋಗಿ ಕೂಡ್ತದ. ಹೊರಗ ಉಳಿದ್ರ ಕೂಸಿನ ಮೈಗೆ ಒತ್ತತದ. ಹಳೇ ಬಟ್ಟೆ ಮೆತ್ತಗ, ಅದಕ್ಕ ಬರೇ ಗಂಟನ್ನ ನಂಬಬಾರದು. ಅದೇ ಜಾಗದಾಗ ಇನ್ನೆರಡು ಟಾಕಿ ಹಾಕಿ ಮುಂದ ಹೋಗ್ರಿ.

ಕೊನೆಗೆ? ಅರ್ಧ ಗೇಣು ದಾರ ಇರುವಾಗಲೇ ನಿಲ್ಲಿಸಬೇಕು. ನನ್ನ ತಪ್ಪು ಇಲ್ಲೇ ಇತ್ತು. ದಾರ ದಂಡ ಆಗ್ತದ ಅಂತ ಕೊನೇ ಎಳೆವರೆಗೂ ಹೊಲೀತಿದ್ದೆ, ಗಂಟಿಗೆ ದಾರವೇ ಉಳೀತಿರಲಿಲ್ಲ. ಒಂದು ಸಣ್ಣ ಟಾಕಿ ಹಾಕಿ, ಅದರ ಕುಣಿಕೆಯೊಳಗ ಎರಡು ಸಲ ಸೂಜಿ ತೂರಿಸಿ ಬಿಗೀರಿ. ಉಳಿದ ದಾರವನ್ನ ಪದರದೊಳಗ ಓಡಿಸಿ, ಸ್ವಲ್ಪ ದೂರದಾಗ ಹೊರಗ ತೆಗೆದು ಕತ್ತರಿಸ್ರಿ.

ಅವ್ವನ ಸೀರಿಯ ಸೆರಗು ನೋಡ್ರಿ. ಇಳಕಲ್ ನೇಕಾರರು ಒಡಲಿನ ಹಾಸಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನ ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರ. ಸೀರಿ ಉಟ್ಟವರಿಗೆ ಆ ಕೊಂಡಿ ನೆನಪೂ ಇರಂಗಿಲ್ಲ.

ಆಯಿಗೆ ಈಗ ಸೂಜಿಯ ಕಣ್ಣು ಕಾಣಂಗಿಲ್ಲ. ದಾರ ನಾನು ಪೋಣಿಸಿ ಕೊಡ್ತೀನಿ. ಗಂಟು ಮಾತ್ರ ಅವಳ ಬೆರಳಿಗೇ ಗೊತ್ತು, ಮಾತಾಡ್ತಾ ಮಾತಾಡ್ತಾ ಹಾಕಿಬಿಡ್ತಾಳ. ಆ ಬೆರಳು ನಿಲ್ಲೋದ್ರೊಳಗ ನನ್ನ ಬೆರಳಿಗೂ ಬರಬೇಕು ಅಂತ ದಿನಾ ಸಂಜಿಗೆ ಹರಕು ಬಟ್ಟೆ ಮ್ಯಾಲೆ ಹತ್ತು ಗಂಟು ಹಾಕ್ತೀನಿ.

ಎರಡನೇ ಫೋಟೋ ಮತ್ತೆ ಹೊಲಿದ ಕೌದಿ. ನಾಲ್ಕು ಸಲ ಒಗೆದಾಯ್ತು. ಗಂಟು ಎಲ್ಲೈತಿ ಹುಡುಕ್ರಿ!

ನಿಮ್ಮ ಮನ್ಯಾಗ ಗಂಟು ಹೆಂಗ ಹಾಕ್ತಾರ? ಕಾಮೆಂಟ್‌ನಾಗ ಬರೀರಿ.

#ಕೌದಿ #ಕೈಹೊಲಿಗೆ #ಇಂಗಳೇಶ್ವರ #ಉತ್ತರಕರ್ನಾಟಕ