ಎಲೆಯ ಹೆಸರು ಹೊತ್ತ ಅಡಿಕೆ

ಹೆಸರಿನಲ್ಲೇ ಸಾಸಿವೆಯನ್ನು ಇಟ್ಟುಕೊಂಡ ಊರು ಸಾಸ್ವೆಹಳ್ಳಿ. ಆದರೆ ಹೊನ್ನಾಳಿ ತಾಲ್ಲೂಕಿನ ಈ ಊರಿನಲ್ಲಿ ದಸರೆಯ ಹೊತ್ತಿಗೆ ಬಂದವರ ಕಣ್ಣಿಗೆ ಬೀಳುವುದು ಸಾಸಿವೆಯಲ್ಲ, ಅಡಿಕೆ. ಮನೆಯ ಮುಂದೆ, ಕಣದಲ್ಲಿ, ಎಲ್ಲೆಲ್ಲಿಯೂ ಬೇಯಿಸಿ ಹರವಿದ ಕೆಂಪಡಿಕೆ. ಗಾಳಿಯಲ್ಲೆಲ್ಲ ಚೊಗರಿನ ವಾಸನೆ.

ಅಂಥ ಒಂದು ಸಂಜೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಜಗುಲಿಯ ಮೇಲೆ ಅಡಕತ್ತರಿ ಹಿಡಿದು ಕುಳಿತಿದ್ದರು. ದಾವಣಗೆರೆಯಿಂದ ರಜೆಗೆ ಬಂದ ಮೊಮ್ಮಗಳು ಪಕ್ಕದಲ್ಲಿ ನೋಟುಬುಕ್ಕು ತೆರೆದಿದ್ದಳು. ಹತ್ತು ಇಂಗ್ಲಿಷ್ ಪದಗಳ ಹುಟ್ಟನ್ನು ಹುಡುಕಿ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ.

"ಅಜ್ಜಾ, ನಮ್ಮೂರಿನಿಂದಲೇ ಶುರು ಮಾಡೋಣ. ಸಾಸಿವೆಗೆ ಮಸ್ಟರ್ಡ್ ಅಂತ ಯಾಕೆ ಅಂತಾರೆ?"

ಮೇಷ್ಟ್ರಿಗೆ ಹಳೆಯ ಹುರುಪು ಬಂದಿತು. ಆ ಪದದೊಳಗೆ ಸಾಸಿವೆಯೇ ಇಲ್ಲವೆಂಬುದು ಅವರ ಮೊದಲ ಮಾತು. ಲ್ಯಾಟಿನ್ ಭಾಷೆಯಲ್ಲಿ 'ಮುಸ್ಟುಂ' ಎಂದರೆ ಹುಳಿಯದ ಹೊಸ ದ್ರಾಕ್ಷಾರಸ. ಅರೆದ ಸಾಸಿವೆಯನ್ನು ಆ ರಸದಲ್ಲಿ ಕಲಸಿ ಮಾಡಿದ ವ್ಯಂಜನಕ್ಕೆ ಫ್ರೆಂಚರು ರಸದ ಹೆಸರನ್ನೇ ಇಟ್ಟರು. ಇಂಗ್ಲಿಷರು ಅದನ್ನು ಬೀಜಕ್ಕೂ ಅಂಟಿಸಿದರು. ನಮ್ಮ ಸಾಸಿವೆಯಾದರೋ ಸಂಸ್ಕೃತದ 'ಸರ್ಷಪ' ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಬಂದದ್ದು. ಎರಡಕ್ಕೂ ನಂಟಿಲ್ಲ.

ಬೆಲ್ಲದ 'ಜಾಗರಿ'ಯೂ ಸಕ್ಕರೆಯ 'ಶುಗರ್' ಕೂಡ 'ಶರ್ಕರಾ' ಎಂಬ ಒಂದೇ ತಾಯಿಯ ಮಕ್ಕಳು; ಒಂದು ಪೋರ್ಚುಗೀಸರ ಹಡಗು ಹತ್ತಿತು, ಮತ್ತೊಂದು ಅರಬರ ಒಂಟೆ ಏರಿತು. ಇಷ್ಟನ್ನು ಬರೆಸಿದ ಮೇಲೆ ಮೊಮ್ಮಗಳ ದೃಷ್ಟಿ ಅಜ್ಜನ ಕೈಯ ಮೇಲೆ ಬಿದ್ದಿತು.

"ಇದಕ್ಕೆ ಬೀಟಲ್ ನಟ್, ಅಲ್ವಾ?"

"ಅಲ್ಲ" ಎಂದರು ಮೇಷ್ಟ್ರು, ತರಗತಿಯಲ್ಲಿ ತಪ್ಪು ಉತ್ತರ ಕೇಳಿದವರಂತೆ.

ಅವರು ಎದ್ದುಹೋಗಿ ಒಳಗಿನಿಂದ ದಪ್ಪ ಪುಸ್ತಕವೊಂದನ್ನು ತಂದರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬವರ ಹೆಸರಿನಲ್ಲಿ ಹೊರಬಂದ 'ಹಾಬ್ಸನ್-ಜಾಬ್ಸನ್' ಕೋಶ. ಭಾರತದಲ್ಲಿದ್ದ ಇಂಗ್ಲಿಷರ ನಾಲಗೆಗೆ ಹತ್ತಿದ ಇಲ್ಲಿಯ ಪದಗಳ ಭಂಡಾರ. ಅದರಂತೆ 'ಬೀಟಲ್' ಮಲೆಯಾಳದ 'ವೆಟ್ಟಿಲ'. ಅಂದರೆ 'ಬರೀ ಎಲೆ'. ಕನ್ನಡಿಗರು ವೀಳ್ಯವೆಂದು ಗೌರವದಿಂದ ಹೇಳಿದರೂ ಮನೆಯಲ್ಲಿ 'ಎಲೆ ಅಡಿಕೆ ಕೊಡು' ಎನ್ನುವಾಗ ಅವರಿಗೂ ಅದು ಬರೀ ಎಲೆಯೇ.

ಅಡಿಕೆಯ ನಿಜವಾದ ಇಂಗ್ಲಿಷ್ ಹೆಸರು 'ಅರೀಕಾ'. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಆ ಕರಾವಳಿಯಲ್ಲಿ ವ್ಯಾಪಾರಕ್ಕಿಳಿದ ಪೋರ್ಚುಗೀಸರು ಮಲೆಯಾಳದ 'ಅಡಕ್ಕ'ವನ್ನು ಕೇಳಿದರು. ನಮ್ಮ 'ಡ'ಕಾರಕ್ಕೆ ಅವರ ನಾಲಗೆ ಮಡಿಸಲಿಲ್ಲ. ಅದು 'ರ'ಕಾರವಾಗಿ ಹೊರಟಿತು. ಮಲೆಯಾಳದ ಅಡಕ್ಕ, ಕನ್ನಡದ ಅಡಕೆ, ತಮಿಳಿನ ಅಡೈಕಾಯ್, ಮೂವರೂ ಒಡಹುಟ್ಟಿದವರು. ಒತ್ತಾಗಿ ಅಡಕಿಕೊಂಡ ಕಾಯಿ ಎಂಬುದೇ ಮೂಲಾರ್ಥವೆಂದು ಬಿಷಪ್ ಕಾಲ್ಡ್‌ವೆಲ್ಲರ ಅಭಿಪ್ರಾಯ. ತೋಟದಲ್ಲಿ ಕೊನೆಯನ್ನು ಕಂಡವರು ಇದಕ್ಕೆ ತಲೆದೂಗದೆ ಇರಲಾರರು.

"ಹಾಗಾದರೆ ಎಲೆಯ ಹೆಸರು ಕಾಯಿಗೆ ಹೇಗೆ ಬಂತಜ್ಜ?"

ಎರಡನ್ನೂ ಒಟ್ಟಿಗೆ ಜಗಿಯುವುದನ್ನು ಕಂಡವರು ಎಲೆಯ ಜೊತೆಯ ಕಾಯಿ ಎಂದರು, ಅದೇ ನಿಂತಿತು. ವೀಳ್ಯದ ಬಳ್ಳಿ ಕರಿಮೆಣಸಿನ ಕುಲದ್ದು, ಅಡಿಕೆ ತಾಳೆಯ ಕುಲದ್ದು. ಬಳ್ಳಿಯನ್ನು ಅಡಿಕೆಯ ಮರಕ್ಕೇ ಹಬ್ಬಿಸುವುದುಂಟಾದ್ದರಿಂದ, ದಾರಿಹೋಕನು ಎರಡೂ ಒಂದೇ ಗಿಡವೆಂದುಕೊಂಡರೆ ಅವನನ್ನು ಹೆಚ್ಚು ಬೈಯುವಂತಿಲ್ಲ. ಆದರೆ 1753ರಲ್ಲಿ ಸಸ್ಯಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಪಂಡಿತನೂ ಈ ಮರವನ್ನು 'ಅರೀಕಾ ಕ್ಯಾಟೆಚು' ಎಂದು ಕರೆದ. ಕ್ಯಾಟೆಚು ಎಂಬುದು ನಮ್ಮ ಕಾಚು. ಅದು ಬರುವುದು ಬೇರೊಂದು ಮರದ ಚೇಗಿನಿಂದ. ತಾಂಬೂಲದ ತಟ್ಟೆಯಲ್ಲಿ ಕೂಡಿದವರೆಲ್ಲರ ಹೆಸರನ್ನೂ ಪಾಪ ಒಂದೇ ಮರ ಹೊರಬೇಕಾಯಿತು!

ಮೊಮ್ಮಗಳು ನಕ್ಕಳು, ಆಮೇಲೆ ನಗು ನಿಲ್ಲಿಸಿ, "ಬೀಟಲ್ ನಟ್ ತಿಂದರೆ ಕ್ಯಾನ್ಸರ್ ಬರುತ್ತೆ ಅಂತ ಪೇಪರಿನಲ್ಲಿ ಓದಿದ್ದೆ. ಅದು ಎಲೆಗೆ ಹೇಳಿದ್ದೋ, ಅಡಿಕೆಗೆ ಹೇಳಿದ್ದೋ?" ಎಂದಳು.

ಮೇಷ್ಟ್ರ ಅಡಕತ್ತರಿ ನಿಂತಿತು. ಈ ಪ್ರಶ್ನೆಯನ್ನು ಊರಿನಲ್ಲಿ ಅವರಿಗೆ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ಕೇಡೆಲ್ಲ ಹೊಗೆಸೊಪ್ಪಿನದು ಎಂದು ಹೇಳಿ ಅವರು ಅನೇಕ ಸಲ ಮಾತು ಮುಗಿಸಿದ್ದುಂಟು. ಆ ಮಾತಿಗೆ ಒಂದು ಕಾಲದಲ್ಲಿ ಆಧಾರವೂ ಇದ್ದಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ದೋಷ ಹೊರಿಸಿದ್ದು ಹೊಗೆಸೊಪ್ಪು ಬೆರೆತ ತಾಂಬೂಲದ ಮೇಲೆ. ಆದರೆ 2004ರಲ್ಲಿ ಪ್ರಕಟವಾದ ಅದರ ವರದಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಬರಿಯ ಅಡಿಕೆಯನ್ನೂ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಇರಿಸಿತು. ಎಲೆಯನ್ನು ಪ್ರತ್ಯೇಕವಾಗಿ ಆ ವರ್ಗಕ್ಕೆ ಸೇರಿಸಲಿಲ್ಲ. ಬೆಳೆಗಾರರು ಇದನ್ನು ಒಪ್ಪಿಲ್ಲ. ವಾದ ನಡೆದೇ ಇದೆ.

ಮೇಷ್ಟ್ರು ಆ ವರದಿಯ ಸುದ್ದಿಯನ್ನು ಅಂದೇ ಓದಿದ್ದರು. ಓದಿ, ಪೇಪರನ್ನು ಮಡಿಸಿ ಇಟ್ಟಿದ್ದರು. ಎರಡೆಕರೆ ತೋಟದ ಅಡಿಕೆಯೇ ಇವಳ ಅಪ್ಪನನ್ನು ಎಂಜಿನಿಯರ್ ಮಾಡಿದ್ದು. ಈ ಮನೆಗೆ ಹೆಂಚು ಹೊದಿಸಿದ್ದೂ ಅದೇ. ಚನ್ನಗಿರಿಯ ಪೇಟೆಯಲ್ಲಿ ರಾಶಿ ಇಡಿಯ ಧಾರಣೆ ಏರಿದ ದಿನ ಸುತ್ತಲ ಹಳ್ಳಿಗಳಲ್ಲಿ ಮದುವೆಗಳು ನಿಶ್ಚಯವಾಗುತ್ತವೆ, ಇಳಿದ ದಿನ ಮುಂದಕ್ಕೆ ಹೋಗುತ್ತವೆ. ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು ಎಂಬ ಮಾತನ್ನು ಅವರು ಎಷ್ಟು ವರ್ಷ ಪಾಠದಲ್ಲಿ ಬಿಡಿಸಿ ಹೇಳಿದ್ದರೋ! ಇಂದು ಕತ್ತರಿ ಅವರ ಕೈಯಲ್ಲೇ ಇದ್ದಿತು.

"ಎಲೆಗಲ್ಲ, ಮಗಾ. ಅಡಿಕೆಗೇ ಹೇಳಿದ್ದು" ಎಂದರು ಕೊನೆಗೆ.

"ಮತ್ತೆ ನೀನು ಯಾಕಜ್ಜ ಹಾಕಿಕೊಳ್ಳುತ್ತೀ?"

ಅವರು ಉತ್ತರ ಹೇಳಲಿಲ್ಲ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಒಂದು ಏಲಕ್ಕಿ ಇಟ್ಟು ಮಡಿಸಿದರು. ಕತ್ತರಿಸಿದ ಹೋಳು ತಟ್ಟೆಯಲ್ಲೇ ಉಳಿಯಿತು. ನಲವತ್ತು ವರ್ಷಗಳ ಅಭ್ಯಾಸ; ಬರಿಯ ಎಲೆ ಅವರಿಗೆ ಸಪ್ಪೆ ಎನಿಸಿದ್ದು ಮುಖದಲ್ಲಿ ಕಾಣುತ್ತಿತ್ತು.

ಮೊಮ್ಮಗಳು ನೋಟುಬುಕ್ಕಿನಲ್ಲಿ ಬರೆದಳು: 'ಬೀಟಲ್ ನಟ್, ತಪ್ಪು ಹೆಸರು. ಬೀಟಲ್ ಎಂದರೆ ಎಲೆ. ಸರಿಯಾದದ್ದು ಅರೀಕಾ, ನಮ್ಮ ಅಡಿಕೆ.' ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

"2004ರದ್ದನ್ನೂ ಕೆಳಗೆ ಬರೆ."

"ಅದು ಪದದ ಅರ್ಥ ಅಲ್ಲವಲ್ಲ ಅಜ್ಜಾ?"

"ಇರಲಿ, ಬರೆ."

ಅವಳು ಬರೆಯುತ್ತಿರುವಾಗಲೇ ಪಡುವಣದಲ್ಲಿ ಗುಡುಗಿತು. ಒಳಗಿನಿಂದ ಅಜ್ಜಿಯ ಕೂಗು ಕೇಳಿಸಿತು: "ಅಡಿಕೆ ಒಳಗೆ ಹಾಕ್ರೀ, ಮಳೆ ಬಂತು!" ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕಣಕ್ಕೆ ಧಾವಿಸಿದರು. ಮೊಮ್ಮಗಳು ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ಗೋಣಿಚೀಲ ಹಿಡಿದು ಅವರ ಹಿಂದೆಯೇ ಓಡಿದಳು.