ಬಿಚ್ಚಿದವನೇ ಜೋಡಿಸಬೇಕು

ಕೈಯಲ್ಲಿ ಸ್ಪ್ಯಾನರು ಹಿಡಿದ ಕನ್ನಡ ಮೇಷ್ಟ್ರನ್ನು ನೀವು ನೋಡಿದ್ದೀರಾ? ನನ್ನ ಹೆಂಡತಿಯೂ ನೋಡಿರಲಿಲ್ಲ. ಮನೆಯ ನಲ್ಲಿ ತೊಟ್ಟಿಕ್ಕಿದರೆ ಅದರ ಕೆಳಗೊಂದು ಪಾತ್ರೆ ಇಟ್ಟು ಕೃತಾರ್ಥನಾಗುವವನು ನಾನು. ಹಳಗನ್ನಡದ ಸಮಾಸವನ್ನು ಬಿಡಿಸೆಂದರೆ ಬಿಡಿಸಿಯೇನು. ಬೋಲ್ಟನ್ನು ಬಿಡಿಸೆಂದರೆ ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ಇಂದಿಗೂ ಒಂದು ಕ್ಷಣ ಯೋಚಿಸಬೇಕು. ಅಂಥ ನಾನು 2023ರ ಬೇಸಗೆಯ ರಜೆಯಲ್ಲಿ ನಾಲ್ಕು ವಾರ ಜರ್ಮನಿಯ ಒಂದು ನೆಲಮಾಳಿಗೆಯಲ್ಲಿ ಕುಳಿತು, ಮೋಟಾರು ಕಾರಿನ ನಾಲ್ಕು ಹಳೆಯ ಚಕ್ರಗಳನ್ನು ಉಜ್ಜಿದೆನೆಂದರೆ ಅದಕ್ಕೆ ಸ್ವಲ್ಪ ವಿವರಣೆ ಬೇಕು.

ವಿವರಣೆಯೆಂದರೆ ನನ್ನ ತಮ್ಮ. ಅವನು ಇಂಜಿನಿಯರು, ಕಪ್ಪುಕಾಡೆಂದು ಹೆಸರಾದ ಬೆಟ್ಟಸೀಮೆಯಲ್ಲಿ, ಕಿಂಜಿಗ್ ಎಂಬ ಹೊಳೆಯ ಕಣಿವೆಯ ಒಂದೂರಿನಲ್ಲಿ ಬಹುಕಾಲದಿಂದ ಇದ್ದಾನೆ. ಬಾ ಬಾ ಎಂದು ಕರೆಯುತ್ತಿದ್ದ, ಹೋದೆ. ಊರು ನೋಡುವ ಆಸೆ ಎಂದು ಎಲ್ಲರಿಗೂ ಹೇಳಿದ್ದೆ. ನಿಜವಾದ ಕಾರಣ ಬೇರೆ. 2020ರ ಮೇ ತಿಂಗಳಲ್ಲಿ ನಮ್ಮ ತಂದೆ ತೀರಿಕೊಂಡರು. ಆ ವರ್ಷದ ಮಾರ್ಚಿಯಲ್ಲೇ ವಿಮಾನಗಳು ನಿಂತಿದ್ದುವು, ತಮ್ಮನಿಗೆ ಬರಲಾಗಲಿಲ್ಲ. ಕ್ರಿಯೆಗಳನ್ನೆಲ್ಲ ಫೋನಿನ ಪುಟ್ಟ ಗಾಜಿನಲ್ಲಿ ನೋಡಿದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತೇನೂ ಕಡಿಮೆಯಾಗಿರಲಿಲ್ಲ, ಮರ್ಯಾದೆ ಹೆಚ್ಚಾಗಿತ್ತು. ಅಣ್ಣತಮ್ಮಂದಿರ ನಡುವೆ ಮರ್ಯಾದೆ ಹೆಚ್ಚಿತೆಂದರೆ ಎಲ್ಲಿಯೋ ಏನೋ ಸರಿಯಿಲ್ಲವೆಂದೇ ಅರ್ಥ.

ಹೋದ ಎರಡನೆಯ ದಿನ ಅವನು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ. ಹಳೆಯ ಕಂಬಳಿಯ ಮೇಲೆ ನಾಲ್ಕು ಚಕ್ರಗಳು ಮಲಗಿದ್ದುವು. ಅವನ ಬಳಿ 1989ರ ಫೋಕ್ಸ್‌ವಾಗನ್ ಗಾಲ್ಫ್ ಕಾರೊಂದಿದೆ. ಅದಕ್ಕೆಂದು ಯಾರೋ ಮುದುಕರಿಂದ ಕೊಂಡು ತಂದನಂತೆ. ಒಂದು ಕಾಲಕ್ಕೆ ಕನ್ನಡಿಯಂತಿದ್ದ ಅಂಚು ಹಾಲು ಸೀದ ಪಾತ್ರೆಯಂತಾಗಿತ್ತು. ಮೇಲಿನ ಪಾರದರ್ಶಕ ಲೇಪದ ಕೆಳಗೆ ನೀರು ಹೊಕ್ಕು, ಹುಳು ಹರಿದ ಜಾಡಿನಂತೆ ಬಿಳಿಯ ಗೆರೆಗಳು. ಚಳಿಗಾಲದಲ್ಲಿ ಅಲ್ಲಿ ಮಂಜು ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಅಲ್ಯುಮಿನಿಯಮ್ಮನ್ನು ಹೀಗೆ ತಿನ್ನುತ್ತದೆ.

“ಇವಕ್ಕೆ ಎಷ್ಟು ಕೊಟ್ಟೆ?” ಎಂದೆ. ಹೇಳಿದ. ನಾನು ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ ಸುಮ್ಮನಾದೆ.

ಆದರೆ ಅವು ಸಾಮಾನ್ಯ ಚಕ್ರಗಳಲ್ಲ. ಅದೇ ಕಣಿವೆಯಲ್ಲಿ, ಹೊಳೆಯ ಮೇಲ್ಗಡೆಗೆ, ಶಿಲ್ಟಾಖ್ ಎಂಬ ಊರಿದೆ. ಮರದ ಚೌಕಟ್ಟಿನ ಹಳೆಯ ಮನೆಗಳು ಬೆಟ್ಟದ ಮಗ್ಗುಲಿಗೆ ಒತ್ತಿ ನಿಂತ ಪುಟ್ಟ ಊರು. ಬೌಮ್‌ಗಾರ್ಟ್ನರ್ ಮತ್ತು ಬ್ರಾಂಡ್ ಎಂಬಿಬ್ಬರು 1970ರಲ್ಲಿ ಅಲ್ಲಿ ಒಂದು ಕಾರ್ಖಾನೆ ತೆರೆದು, ತಮ್ಮಿಬ್ಬರ ಹೆಸರಿನ ಜೊತೆಗೆ ಊರಿನ ಹೆಸರಿನ ಮೊದಲಕ್ಷರವನ್ನೂ ಸೇರಿಸಿ ಬಿಬಿಎಸ್ ಎಂದು ಹೆಸರಿಟ್ಟರು. ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತವರೆಂದರೆ ನಮ್ಮವರಿಗೆ ಹತ್ತಿರದವರೇ ಅಲ್ಲವೆ? 1983ರಲ್ಲಿ ಅವರು ಹೊರತಂದ ಆರ್‌ಎಸ್ ಎಂಬ ಚಕ್ರವೇ ತಮ್ಮನ ಕಂಬಳಿಯ ಮೇಲೆ ಮಲಗಿದ್ದದ್ದು.

ಅದರ ವಿಶೇಷ, ಅದು ಒಂದೇ ಎರಕವಲ್ಲ, ಮೂರು ತುಂಡು. ನಡುವೆ ಜಾಲಂದ್ರದಂತೆ ಹೆಣೆದ ಆರೆಗಳ ಬಿಲ್ಲೆ. ಅದಕ್ಕೆ ಹೊರಗಡೆ ಒಂದು ಬಳೆ, ಒಳಗಡೆ ಒಂದು ಬಳೆ. ಮೂರನ್ನೂ ಮೂವತ್ತರ ಸುಮಾರು ಸಣ್ಣ ಬೋಲ್ಟುಗಳು ಸುತ್ತಲೂ ಬಿಗಿದು ಹಿಡಿದಿರುತ್ತವೆ. ಸಂದಿಯಲ್ಲಿ ಗಾಳಿ ಸೋರದಂತೆ ಸಿಲಿಕೋನಿನ ಅಂಟು.

“ಒಂದೇ ಎರಕ ಹುಯ್ದಿದ್ದರೆ ಇಷ್ಟು ತಾಪತ್ರಯ ಇರುತ್ತಿತ್ತೆ?” ಎಂದೆ.

“ಇದು ಪಂದ್ಯದ ಕಾರುಗಳಿಂದ ಬಂದ ಉಪಾಯ, ಅಣ್ಣ. ಚಕ್ರದ ಅಗಲ ಹೆಚ್ಚಬೇಕಾದರೆ ಬಳೆಯನ್ನು ಮಾತ್ರ ಬದಲಿಸಿದರೆ ಆಯಿತು. ಪೆಟ್ಟು ತಿಂದರೂ ಅಷ್ಟೆ. ಪೆಟ್ಟು ಬಿದ್ದ ತುಂಡು ಹೋಗುತ್ತದೆ, ಚಕ್ರ ಉಳಿಯುತ್ತದೆ.”

ನನಗೆ ಥಟ್ಟನೆ ತಾತನ ಎತ್ತಿನ ಗಾಡಿ ನೆನಪಾಯಿತು. ಅದರ ಚಕ್ರವೂ ಹೀಗೆಯೇ ಅಲ್ಲವೆ? ನಡುವೆ ಗುಂಬ, ಅದಕ್ಕೆ ನೆಟ್ಟ ಆರೆಗಳು, ಸುತ್ತ ಬಾಗಿದ ಮರದ ತುಂಡುಗಳು, ಅವುಗಳ ಮೇಲೆ ಕಬ್ಬಿಣದ ಪಟ್ಟೆ. ಪಟ್ಟೆಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಮೇಲೆ ಕೂರಿಸಿ ನೀರು ಹುಯ್ದರೆ ಅದು ಬುಸ್ಸೆಂದು ಕುಗ್ಗಿ ಎಲ್ಲವನ್ನೂ ಅವುಚಿಕೊಳ್ಳುತ್ತಿತ್ತು. ಆರೆ ಮುರಿದರೆ ಬಡಗಿ ಆರೆಯೊಂದನ್ನೇ ಹಾಕಿಕೊಡುತ್ತಿದ್ದ. ಇದನ್ನು ಹೇಳಿದಾಗ ತಮ್ಮ ಮೊದಲ ಸಲ ಮನಸಾರೆ ನಕ್ಕ. “ಹಾಗಾದರೆ ನೀನೂ ಕೆಲಸಕ್ಕೆ ಬರುತ್ತೀಯ, ಬಾ” ಎಂದ.

ಮೊದಲು ಟೈರು ತೆಗೆಸಿದೆವು. ಇದೊಂದನ್ನು ಯಾರೂ ಮರೆಯಬಾರದಂತೆ. ಟೈರಿನಲ್ಲಿ ಗಾಳಿಯಿರುವಾಗ ಈ ಬೋಲ್ಟುಗಳಿಗೆ ಕೈ ಹಚ್ಚಿದರೆ ಬಳೆ ಫಿರಂಗಿಯ ಗುಂಡಿನಂತೆ ಸಿಡಿದು ಪ್ರಾಣ ತೆಗೆದೀತು. ಗಾಳಿ ಬಿಟ್ಟು, ಟೈರು ಕಳಚಿ, ಆಮೇಲೆ ಬೋಲ್ಟು. ಸರಾಗವಾಗಿ ಬಂದವು ಕೆಲವು. ಹಲವು ಬರಲಿಲ್ಲ. ಅವಕ್ಕೆ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಬೇಕು; ಬೆಳಗ್ಗೆ ಬಿಸಿ ಗಾಳಿ ಊದಬೇಕು; ಆಮೇಲೆ ಮೆತ್ತಗೆ ತಿರುಗಿಸಬೇಕು. ಬಲ ತೋರಿಸಿದರೆ ತಲೆ ಮುರಿದು ಕೈಗೆ ಬರುತ್ತದೆ.

ತೆಗೆದ ಬೋಲ್ಟುಗಳನ್ನು ತಮ್ಮ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚಕ್ರದ ಅಂಕಿ ಬರೆದ. ಆಗ ಇಬ್ಬರ ಬಾಯಲ್ಲೂ ಒಟ್ಟಿಗೆ ಒಂದೇ ಮಾತು ಬಂತು: “ಬಿಚ್ಚಿದವನೇ ಜೋಡಿಸಬೇಕು.” ಅದು ಅಪ್ಪನ ಮಾತು. ಅವರು ಸ್ಕೂಲು ಮೇಷ್ಟ್ರು. ಸಂಬಳಕ್ಕಿಂತ ಸಿದ್ಧಾಂತ ಹೆಚ್ಚಾಗಿದ್ದವರು. ತಮ್ಮ ಎಂಟು ವರ್ಷದವನಾಗಿದ್ದಾಗ ಅವರ ಅಲಾರಂ ಗಡಿಯಾರವನ್ನು ಬಿಚ್ಚಿಬಿಟ್ಟಿದ್ದ. ಅಪ್ಪ ಹೊಡೆಯಲಿಲ್ಲ. ಲಾಂದ್ರ ತಂದು ಪಕ್ಕದಲ್ಲಿಟ್ಟು, ತಾವೂ ಕುಳಿತರು. ನಡುರಾತ್ರಿಯ ಹೊತ್ತಿಗೆ ಗಡಿಯಾರ ಓಡಿತು. ಒಂದು ತಿರುಪು ಮಾತ್ರ ಮಿಕ್ಕಿತ್ತು. “ಅದು ನಿನ್ನ ಇಂಜಿನಿಯರಿಂಗ್ ಡಿಗ್ರಿ, ಇಟ್ಟುಕೋ” ಎಂದರು. ಆ ಮಾತಾದ ಮೇಲೆ ಇಬ್ಬರೂ ತುಸು ಹೊತ್ತು ಬೋಲ್ಟು ಎಣಿಸುತ್ತ ಕುಳಿತೆವು. ಎಣಿಸುವ ಅಗತ್ಯವಿರಲಿಲ್ಲ.

ಅಂಟನ್ನು ಕೆರೆಯುವ ಕೆಲಸ, ಬಣ್ಣ ತೆಗೆಯುವ ಕೆಲಸ, ಇವೆಲ್ಲ ಮುಗಿಯಲು ಒಂದು ವಾರ ಹಿಡಿಯಿತು. ಆಮೇಲೆ ಮರಳುಕಾಗದ. 240ನೇ ನಂಬರಿನಿಂದ ತೊಡಗಿ 400, 600, 800, 1200, ಕೊನೆಗೆ 2000. ನಂಬರು ಹೆಚ್ಚಿದಂತೆ ಕಾಗದ ನಯ. ನೀರು ಸವರಿಕೊಂಡು ಉಜ್ಜಬೇಕು. ಹಾಗೆ ಮಾಡಿದರೆ ಲೋಹದ ಪುಡಿ ಮೂಗಿಗೆ ಹೋಗುವುದಿಲ್ಲ. ಒಂದೊಂದು ಕಾಗದದ ಕೆಲಸವೂ ಹಿಂದಿನ ಕಾಗದದ ಗೀರುಗಳನ್ನು ಅಳಿಸುವುದು. ಅವಸರಪಟ್ಟು ನಡುವೆ ಒಂದನ್ನು ಬಿಟ್ಟಿರೋ, ಕೊನೆಯಲ್ಲಿ ಹೊಳಪು ಬಂದಾಗ ಆ ಹಳೆಯ ಗೀರು ಎದ್ದು ಕಾಣುತ್ತದೆ. ನಾನು ಒಮ್ಮೆ 600ನ್ನು ಹಾರಿಸಿ ಸಿಕ್ಕಿಬಿದ್ದು ಮತ್ತೆ 400ರಿಂದ ತೊಡಗಿದೆ. ವ್ಯಾಕರಣ ಬಿಟ್ಟು ನೇರವಾಗಿ ಕಾವ್ಯಕ್ಕೆ ಹಾರುವ ನನ್ನ ವಿದ್ಯಾರ್ಥಿಗಳು ಆ ದಿನ ನನ್ನನ್ನು ನೋಡಬೇಕಾಗಿತ್ತು.

ಭಾನುವಾರ ಆ ದೇಶದಲ್ಲಿ ಗಲಾಟೆಯ ಕೆಲಸ ಕೂಡದು. ನೆರೆಯವರ ಶಾಂತಿಗೆ ಭಂಗ ಬರಬಾರದೆಂದು ನಿಯಮವೇ ಉಂಟು. ಹೀಗಾಗಿ ಯಂತ್ರಗಳಿಗೆ ರಜೆ, ಕೈಗೆ ಮಾತ್ರ ಕೆಲಸ. ಅಂಥ ಒಂದು ಭಾನುವಾರವೇ ಆ ಘಟನೆ ನಡೆದದ್ದು.

ಲೇಪವೆಲ್ಲ ಹೋಗಿ ಲೋಹ ಬೆತ್ತಲಾದ ಮೇಲೆ ಬಿರುಕಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೊಂದು ಕೆಂಪು ದ್ರವ ಬರುತ್ತದೆ. ಅದನ್ನು ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರಸಿಬಿಡುವುದು. ಮೇಲೆ ಏನೂ ಉಳಿಯುವುದಿಲ್ಲ. ಅನಂತರ ಬಿಳಿಯ ಪುಡಿಯ ಲೇಪ. ಬಿರುಕೆಂಬುದಿದ್ದರೆ ಅದರೊಳಗೆ ಅವಿತ ಕೆಂಪು ನಿಧಾನವಾಗಿ ಮೇಲೇರಿ ಬರುತ್ತದೆ. ಮೂರು ಚಕ್ರಗಳು ಸುಣ್ಣದ ಗೋಡೆಯಂತೆ ಬೆಳ್ಳಗೇ ಇದ್ದುವು. ನಾಲ್ಕನೆಯದರ ಒಳಬಳೆಯಲ್ಲಿ, ನಾವು ನೋಡುತ್ತಿದ್ದಂತೆಯೇ, ಕುಂಕುಮದಲ್ಲಿ ಎಳೆದಂಥ ಗೆರೆ ಮೂಡಿತು. ಕಿರುಬೆರಳಿನಷ್ಟು ಉದ್ದ.

ಅದು ಒಳಗಡೆಯ ಬಳೆ. ಕಾರಿಗೆ ಹಾಕಿದ ಮೇಲೆ ಯಾರ ಕಣ್ಣಿಗೂ ಬೀಳುವುದಲ್ಲ. “ಇಷ್ಟೇ ತಾನೆ? ಉಜ್ಜಿ ಪಾಲಿಶ್ ಮಾಡಿದರೆ ಕಾಣುವುದಿಲ್ಲ ಬಿಡು” ಎಂದೆ.

ತಮ್ಮ ತಲೆ ಎತ್ತಲಿಲ್ಲ. “ಕಾಣುವುದಿಲ್ಲ. ಅದಕ್ಕೇ ಭಯ” ಎಂದ. ಆಮೇಲೆ, ಬಹಳ ಮೆಲ್ಲಗೆ: “ಅಪ್ಪನ ವಿಷಯದಲ್ಲೂ ನೀನು ಹೀಗೆಯೇ ಮಾಡಿದೆ.”

ನಾನು ಮೂರು ವರ್ಷ ಕಾದಿದ್ದುದು ಈ ಮಾತಿಗಾಗಿಯೇ; ತಪ್ಪಿಸಿಕೊಂಡು ತಿರುಗಿದ್ದೂ ಈ ಮಾತಿನಿಂದಲೇ. ಅಪ್ಪ ಆಸ್ಪತ್ರೆ ಸೇರಿದಾಗ ನಾನು ತಮ್ಮನಿಗೆ “ಸ್ವಲ್ಪ ಜ್ವರ, ಅಷ್ಟೆ” ಎಂದು ಹೇಳಿದ್ದೆ. ಬರಲಾಗದವನನ್ನು ಏಕೆ ಹೆದರಿಸಬೇಕೆಂದು ನನ್ನ ಲೆಕ್ಕ. ನಾಲ್ಕು ದಿನ ಹಾಗೆಯೇ ಹೇಳಿದೆ. ಆ ನಾಲ್ಕು ದಿನವೂ ಅಪ್ಪ ಮಾತನಾಡುತ್ತಿದ್ದರು. ಐದನೆಯ ದಿನ ನಿಜ ಹೇಳಿದೆ. ಆ ಹೊತ್ತಿಗೆ ಅವರಿಗೆ ಮಾತು ನಿಂತಿತ್ತು. ತಮ್ಮ ಬರಲಾಗುತ್ತಿರಲಿಲ್ಲವೆಂಬುದು ನಿಜ. ಫೋನಿನಲ್ಲಿ ಒಮ್ಮೆ “ಅಪ್ಪಾ” ಎನ್ನಬಹುದಾಗಿತ್ತು. ಅದನ್ನು ಕಸಿದುಕೊಂಡವನು ನಾನು. ಕರುಣೆಯೆಂಬ ಹೆಸರಿನಲ್ಲಿ ಕಸಿದುಕೊಂಡೆ.

ಮೇಷ್ಟ್ರಿಗೆ ಸಮರ್ಥನೆಗೇನು ಬರ! ಹತ್ತು ವಾಕ್ಯಗಳು ನಾಲಗೆಯ ತುದಿಗೆ ಬಂದುವು. ಬಿಳಿಯ ಪುಡಿಯ ಮೇಲೆ ಆ ಕೆಂಪು ಗೆರೆ ಇನ್ನೂ ಸ್ವಲ್ಪ ಸ್ವಲ್ಪವೇ ಹರಡುತ್ತಿತ್ತು. “ತಪ್ಪು ಮಾಡಿದೆ” ಎಂದೆ. ಅಷ್ಟೇ ಹೇಳಿದೆ. ಅವನು ಏನೂ ಹೇಳಲಿಲ್ಲ. ಬಟ್ಟೆ ತೆಗೆದುಕೊಂಡು ತನ್ನ ಕೈ ಒರಸಿಕೊಂಡ. ಆಮೇಲೆ ಅದೇ ಬಟ್ಟೆಯನ್ನು ನನಗೆ ಕೊಟ್ಟ.

ಬಿರುಕು ಬಿಟ್ಟ ಚಕ್ರಕ್ಕೆ ಬೆಸುಗೆ ಹಾಕಿ ರಸ್ತೆಗೆ ಬಿಡಲು ಅಲ್ಲಿ ಒಪ್ಪಿಗೆಯಿಲ್ಲ. ಒಂದೇ ಎರಕದ ಚಕ್ರವಾಗಿದ್ದರೆ ಪೂರ್ತಿ ಗುಜರಿಗೆ ಹೋಗಬೇಕಾಗಿತ್ತು. ಇದು ತುಂಡುಗಳ ಚಕ್ರ. ಹೊಸ ಒಳಬಳೆಯೊಂದನ್ನು ತರಿಸಿದೆವು. ಬೆಲೆ ಕೇಳಬೇಡಿ. ಅದು ಬರುವವರೆಗೆ ನಡುವಿನ ಬಿಲ್ಲೆಗಳಿಗೆ ಬಣ್ಣ ಹಚ್ಚಿದೆವು, ಹೊರಬಳೆಗಳಿಗೆ ಹೊಳಪು ಕೊಟ್ಟೆವು.

ಬಿಚ್ಚುವುದಕ್ಕಿಂತ ಜೋಡಿಸುವುದಕ್ಕೆ ಹೆಚ್ಚಿನ ತಾಳ್ಮೆ ಬೇಕು. ಬೋಲ್ಟುಗಳನ್ನು ಸಾಲಾಗಿ ಬಿಗಿಯಬಾರದು. ಒಂದನ್ನು ಬಿಗಿದರೆ ಅದರ ಎದುರಿನದನ್ನು ಬಿಗಿಯಬೇಕು, ಹೀಗೆ ಅಡ್ಡಡ್ಡಲಾಗಿ, ಎರಡು ಮೂರು ಸುತ್ತಿನಲ್ಲಿ. ಒಂದೇ ಕಡೆ ಒತ್ತಿದರೆ ಬಳೆ ಸೊಟ್ಟಾಗುತ್ತದೆ. ಎಷ್ಟು ಬಲ ಬೇಕೋ ಅಷ್ಟಾದೊಡನೆ ಟಿಕ್ಕೆಂದು ಸದ್ದು ಮಾಡುವ ಒಂದು ಸ್ಪ್ಯಾನರಿದೆ. ಅದು ಟಿಕ್ಕೆಂದಮೇಲೆ ಕೈ ಬಿಡಬೇಕು. ಮನುಷ್ಯನ ಸ್ನೇಹಕ್ಕೂ ಅಂಥದೊಂದು ಸ್ಪ್ಯಾನರು ಸಿಕ್ಕುವಂತಿದ್ದರೆ! ಬಳಿಕ ಸಂದಿಗೆ ಸುತ್ತಲೂ ಸಿಲಿಕೋನ್ ತುಂಬಿ ಒಂದು ದಿನ ಒಣಗಲು ಬಿಟ್ಟೆವು.

ಟೈರು ಹಾಕಿಸಿ ಗಾಳಿ ತುಂಬಿ, ಸಂದಿಗೆಲ್ಲ ಸೋಪಿನ ನೀರು ಬಳಿದೆವು. ನಮ್ಮೂರ ಸೈಕಲ್ ಷಾಪಿನಲ್ಲಿ ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿ ನೋಡುತ್ತಾರಲ್ಲ, ಅದೇ ಶಾಸ್ತ್ರ. ಗುಳ್ಳೆ ಬಂದರೆ ಸೋರಿಕೆ. ಇಬ್ಬರೂ ಮಂಡಿಯೂರಿ ಉಸಿರು ಬಿಗಿಹಿಡಿದು ನೋಡಿದೆವು. ಮೂರರಲ್ಲಿ ಗುಳ್ಳೆಯಿಲ್ಲ. ಒಂದರಲ್ಲಿ ಸಣ್ಣದೊಂದು ಗುಳ್ಳೆ ಹುಟ್ಟಿ ಒಡೆಯಿತು, ಮತ್ತೆ ಹುಟ್ಟಿತು. ಅದು ನಾನು ಅಂಟು ತುಂಬಿದ ಚಕ್ರ. ಮತ್ತೆ ಟೈರು ಕಳಚಿ, ಅಂಟು ಕೆರೆದು, ಹೊಸದಾಗಿ ತುಂಬಿದೆ. ತಮ್ಮ ಸಹಾಯಕ್ಕೆ ಬರಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ, ಅಪ್ಪ ಲಾಂದ್ರದ ಪಕ್ಕ ಕುಳಿತಿದ್ದಂತೆ.

ನಾನು ಹೊರಡುವ ಎರಡು ದಿನ ಮುಂಚೆ ಕಾರು ಹೊರಬಿತ್ತು. ಚಕ್ರ ಹಾಕಿ ಐವತ್ತು ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕೆಂಬುದು ಕ್ರಮ. ಕಣಿವೆಯಲ್ಲಿ ಅಲೆದಾಡಿ ಶಿಲ್ಟಾಖಿನಲ್ಲಿ ಹೊಳೆಯ ಪಕ್ಕಕ್ಕೆ ನಿಲ್ಲಿಸಿದ. ಒಂದೊಂದಾಗಿ ನೋಡಿದ, ಎಲ್ಲವೂ ಟಿಕ್ಕೆಂದುವು. ಸ್ಪ್ಯಾನರನ್ನು ಒಳಗಿಟ್ಟು, ಕಾರಿಗೆ ಒರಗಿ ನಿಂತು ಹೊಳೆಯನ್ನು ನೋಡುತ್ತ ಕೇಳಿದ:

“ಆ ನಾಲ್ಕು ದಿನ ಅಪ್ಪ ಏನೇನು ಮಾತಾಡಿದರು, ಅಣ್ಣ?”

ಹೇಳಿದೆ. ಮೊದಲನೆಯ ದಿನದಿಂದ, ಒಂದನ್ನೂ ಬಿಡದೆ. ಕತ್ತಲಾಗುವವರೆಗೂ ಹೇಳಿದೆ.