ಬೆಣ್ಣೆ ಚಾವಡಿಯ ಸೀಮೆಯಲ್ಲಿ

ಚಿತ್ರದುರ್ಗದ ಕಲ್ಲುಬೆಟ್ಟಗಳನ್ನು ಹಿಂದಿಕ್ಕಿ ಬಸ್ಸು ಚಳ್ಳಕೆರೆಯ ಹಾದಿ ಹಿಡಿಯಿತೆಂದರೆ ಭೂಮಿಯ ಚಹರೆಯೇ ಬೇರೆಯಾಗುತ್ತದೆ. ಮರಗಳು ವಿರಳವಾಗುತ್ತವೆ, ಆಕಾಶವು ವಿಶಾಲವಾಗುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಶೇಂಗಾ ಬೆಳೆಯೇ ರೈತನ ಆಧಾರ. ಅದರ ಎಣ್ಣೆ ತೆಗೆಯುವ ಗಿರಣಿಗಳಿಂದಲೇ ಚಳ್ಳಕೆರೆಯು ಹೆಸರಾದುದು. ಇಂತಹ ಒಣನಾಡಿಗೆ ಕಳೆದ ಮಾಘಮಾಸದಲ್ಲಿ ನಾನು ಮಡಿಲಲ್ಲಿಟ್ಟುಕೊಂಡು ಹೋದುದು ಒಂದು ಪೆಟ್ಟಿಗೆ ಸ್ಟ್ರಾಬೆರಿ ಹಣ್ಣು! ಮಹಾಬಲೇಶ್ವರದ ತಂಪಿನಲ್ಲಿ ಬೆಳೆದ ಆ ಹಣ್ಣಿಗೂ ಈ ಬಿಸಿಲಿಗೂ ಎತ್ತಣ ಸಂಬಂಧ? ಮೊಳಕಾಲ್ಮೂರಿನ ಸಮೀಪದ ಹಳ್ಳಿಯಲ್ಲಿರುವ ನಮ್ಮಣ್ಣನ ಮಗಳಿಗೆ ಹುಟ್ಟುಹಬ್ಬ. “ಅತ್ತೆ, ಗುಲಾಬಿ ಬಣ್ಣದ ಕ್ರೀಮನ್ನು ನೀನೇ ಮಾಡಬೇಕು” ಎಂದು ಆಕೆ ತಿಂಗಳ ಮೊದಲೇ ಅಪ್ಪಣೆ ಮಾಡಿದ್ದಳು.

ಬೆಣ್ಣೆಗೂ ಈ ಸೀಮೆಗೂ ಹಳೆಯ ನಂಟಿದೆ. ಚಳ್ಳಕೆರೆಯ ಸುತ್ತಣ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳೆಂದು ಪ್ರಸಿದ್ಧವಾದುವು. 1672ರಿಂದ 1704ರ ವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳ ಪಾಲನೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿದ್ದರು. ಅದನ್ನೇ ಮುಂದೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಕರೆದನು. ಹೆಸರು ಬೆಣ್ಣೆಯದಾದರೂ ಈ ತಳಿಗೆ ಕೀರ್ತಿ ತಂದವು ದಂಡಿನ ಫಿರಂಗಿಗಳನ್ನೆಳೆದ ಎತ್ತುಗಳು. ಹಸುಗಳು ಕೊಡುವ ಹಾಲು ಸ್ವಲ್ಪವೇ. ಇಂದು ಕಾವಲಿನ ಬಹುಭಾಗವು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ತನ್ನ ರೆಕ್ಕೆಯುಳ್ಳ ವಾಹನವನ್ನು ಆಕಾಶದಿಂದ ಬಿಟ್ಟು ತಾನಾಗಿಯೇ ಇಳಿಯುವಂತೆ ಮಾಡಿದುದು ಚಳ್ಳಕೆರೆಯ ಈ ನೆಲದಲ್ಲಿಯೇ. ನಾಡಿಗೆ ಅದು ಹೆಮ್ಮೆ, ನಿಜ. ಆದರೆ ದನ ಕುರಿಗಳನ್ನು ಅಲ್ಲಿ ಮೇಯಿಸಿಕೊಂಡಿದ್ದವರಿಗೆ ಹುಲ್ಲಿನ ನೆಲ ಕಡಿಮೆಯಾದುದೂ ನಿಜ. ಅಂತಹ ಊರುಗಳಲ್ಲಿ ಮನೆಯ ಬೆಣ್ಣೆಯೆಂದರೆ ಸುಲಭದ ವಸ್ತುವಲ್ಲ.

ಅಣ್ಣನ ಮನೆಯಲ್ಲಿ ಇರುವುದು ಒಂದೇ ಹಸು. ಅತ್ತಿಗೆಯ ತಾಯಿಯವರು ಎಂಟು ದಿನ ಕಡೆದು ಕೂಡಿಸಿದ್ದ ಬೆಣ್ಣೆಯನ್ನು, ಹಬ್ಬದ ತುಪ್ಪಕ್ಕೆಂದು ಇಟ್ಟಿದ್ದರೂ, ಮೊಮ್ಮಗಳಿಗಾಗಿ ನನ್ನ ಮುಂದೆ ತಂದಿಟ್ಟರು. ನಾನಾದರೋ ಪಟ್ಟಣದ ಜಂಬದಿಂದ ಹಣ್ಣುಗಳಲ್ಲಿ ಒಂದಷ್ಟನ್ನು ಹಸಿಯಾಗಿಯೇ ಅರೆದು ಬೆಣ್ಣೆಗೆ ಸುರಿದು ತಿರುವತೊಡಗಿದೆನು. ಎರಡು ನಿಮಿಷವಾಗಿರಲಿಲ್ಲ, ಬೆಣ್ಣೆಯು ಹರಳುಹರಳಾಗಿ ಒಡೆದು ಕೆಂಪು ನೀರಿನಲ್ಲಿ ತೇಲಿತು. ಎಂಟು ದಿನದ ಬೆಣ್ಣೆ! ನನಗೆ ಮುಖವೆತ್ತಲಾಗಲಿಲ್ಲ.

ಅಮ್ಮನವರು ಬಂದು ನೋಡಿ ನಕ್ಕರು. “ನೀರನ್ನು ಬಿಡಿಸುವುದಕ್ಕೇ ಅಲ್ಲವೇನಮ್ಮಾ ನಾವು ಮಜ್ಜಿಗೆ ಕಡೆಯುವುದು? ನೀನು ತಿರುಗಿ ನೀರು ಸೇರಿಸುತ್ತೀಯಲ್ಲ!” ಎಂದರು. ಆ ಒಂದು ಮಾತಿನಲ್ಲಿ ಪಾಕದ ಗುಟ್ಟೆಲ್ಲ ಅಡಗಿತ್ತು. ಸ್ಟ್ರಾಬೆರಿಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಜಿಡ್ಡು ಅಷ್ಟನ್ನು ಹಿಡಿದುಕೊಳ್ಳಲಾರದು. ಅವರು ಪಾತ್ರೆಯನ್ನು ಮಣ್ಣಿನ ಬಾನಿಯ ತಣ್ಣೀರಿನಲ್ಲಿ ಇಳಿಸಿಟ್ಟರು. ಬೆಣ್ಣೆ ಗಟ್ಟಿಯಾಗಿ ಒಂದು ಕಡೆ ಕೂಡಿಕೊಂಡಿತು. ಕೆಂಪು ರಸವನ್ನು ಚೆಲ್ಲಗೊಡದೆ ಬಗ್ಗಿಸಿ ಉಳಿದ ಹಣ್ಣಿನ ಪಾತ್ರೆಗೆ ಸೇರಿಸಿ, “ಇದನ್ನು ಕಾಯಿಸು; ಬೆಣ್ಣೆಯ ಕೆಲಸ ನಾಳೆ ಬೆಳಗಿನ ಜಾವಕ್ಕಿರಲಿ” ಎಂದರು.

ಅವರು ಹೇಳಿದಂತೆ ಮಾಡಿದ ಕ್ರಮವನ್ನು ಗೃಹಿಣಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಹಣ್ಣು 400 ಗ್ರಾಂ, ಉಪ್ಪು ಹಾಕದ ಬೆಣ್ಣೆ 250 ಗ್ರಾಂ, ಸಕ್ಕರೆ ಪುಡಿ 300 ಗ್ರಾಂ, ಚಿಟಿಕೆ ಉಪ್ಪು, ಅರ್ಧ ಚಮಚ ನಿಂಬೆರಸ: ಇಷ್ಟು ಸಾಕು. ಹಣ್ಣನ್ನು ಅರೆದು ಸೋಸಿ ಸ್ಟೀಲಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕದಡುತ್ತ, ಕಾಲುಭಾಗಕ್ಕೆ ಇಳಿಯುವ ತನಕ ಬತ್ತಿಸಬೇಕು. ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆ ಹುಳಿಗೆ ಸಲ್ಲದು. ಚಮಚದಿಂದ ಗೆರೆ ಎಳೆದರೆ ಅದು ತಕ್ಷಣ ಕೂಡಿಕೊಳ್ಳಬಾರದು. ನೀರು ಹೋದಷ್ಟೂ ರುಚಿಯೂ ಬಣ್ಣವೂ ಸಾಂದ್ರವಾಗುತ್ತವೆ. ಇಳಿಸಿ ನಿಂಬೆರಸ ಹಿಂಡಿದರೆ ಕೆಂಪು ಮಾಸದು. ಇದು ಪೂರ್ತಿ ಆರಬೇಕು. ಉಗುರುಬಿಸಿಯಿದ್ದರೂ ಬೆಣ್ಣೆ ಕರಗುತ್ತದೆ.

ಮನೆಯ ಬೆಣ್ಣೆಯಾದರೆ ಅದನ್ನು ಎರಡು ಮೂರು ನೀರಿನಲ್ಲಿ, ತೊಳೆದ ನೀರು ತಿಳಿಯಾಗುವ ವರೆಗೆ ತೊಳೆದು, ಅಂಗೈಯಿಂದ ಒತ್ತಿ ನೀರು ತೆಗೆಯಬೇಕು. ಮಜ್ಜಿಗೆ ಉಳಿದರೆ ಕ್ರೀಮಿಗೆ ಒಗರು ವಾಸನೆ. ಬೆರಳೊತ್ತಿದರೆ ಗುಳಿ ಬೀಳಬೇಕು, ಆದರೆ ಮೇಲೆ ಎಣ್ಣೆಯ ಹೊಳಪು ಕಾಣಬಾರದು, ಇದೇ ಹದ. ಮೊದಲು ಬೆಣ್ಣೆಯೊಂದನ್ನೇ ಐದಾರು ನಿಮಿಷ, ಬಿಳುಪೇರಿ ಹಗುರಾಗುವಂತೆ ಚೆನ್ನಾಗಿ ತಿರುವಬೇಕು. ಸಕ್ಕರೆಯನ್ನು ನುಣ್ಣಗೆ ಪುಡಿಮಾಡಿ ತೆಳುಬಟ್ಟೆಯಲ್ಲಿ ಜಾಲಿಸಿ ಮೂರು ಸಲವಾಗಿ ಸೇರಿಸಬೇಕು. ಇಲ್ಲವಾದರೆ ನಾಲಗೆಗೆ ಮರಳಿನಂತಾಗುತ್ತದೆ. ಬಳಿಕ ಉಪ್ಪು, ಕೊನೆಯಲ್ಲಿ ಹಣ್ಣಿನ ಪಾಕ, ಒಂದೊಂದೇ ಚಮಚ, ಮೊದಲಿನದು ಬೆರೆತ ಮೇಲೆಯೇ ಮುಂದಿನದು. ತೆಳುವಾದರೆ ತಣ್ಣೀರಿನ ಮೇಲಿಟ್ಟು ಮತ್ತೆ ತಿರುವಿರಿ. ತಣ್ಣಗಾಗಿ ಒಡೆದರೆ ಪಾತ್ರೆಯ ಹೊರಮೈಗೆ ಬಿಸಿಬಟ್ಟೆಯನ್ನು ಕ್ಷಣಕಾಲ ಒತ್ತಿ ತಿರುವಿರಿ. ಸ್ಟ್ರಾಬೆರಿ ದೊರೆಯದ ಕಾಲದಲ್ಲಿ ಈ ಸೀಮೆಯ ತೋಟಗಳಲ್ಲಿಯೇ ಬೆಳೆಯುವ ದಾಳಿಂಬೆಯ ರಸವನ್ನು ಹೀಗೆಯೇ ಬತ್ತಿಸಿ ಉಪಯೋಗಿಸಬಹುದು.

ಮರುದಿನ ಅರುಣೋದಯಕ್ಕೆ ಮುಂಚೆ, ಹಿತ್ತಲ ಜಗಲಿಯ ತಂಪಿನಲ್ಲಿ ನಾವಿಬ್ಬರೂ ಕುಳಿತೆವು. ಕೈ ನೊಂದಾಗ ಅವರು, ಅವರಿಗೆ ನೊಂದಾಗ ನಾನು ತಿರುವಿದೆವು. ಬೆಳಕು ಹರಿಯುವ ವೇಳೆಗೆ ಪಾತ್ರೆಯಲ್ಲಿಯೂ ಪೂರ್ವದಿಕ್ಕಿನಲ್ಲಿಯೂ ಒಂದೇ ಬಣ್ಣ! ಕ್ರೀಮನ್ನು ಒದ್ದೆಬಟ್ಟೆ ಸುತ್ತಿದ ಪಾತ್ರೆಯಲ್ಲಿ ನೆರಳಿನಲ್ಲಿಟ್ಟು, ಬಿಸಿಲಿಳಿದ ಮೇಲೆ ಪೇಟೆಯಿಂದ ತಂದಿದ್ದ ಕೇಕಿಗೆ ಬಳಿದೆನು. ಜಾರಲಿಲ್ಲ, ಒಡೆಯಲಿಲ್ಲ. ಹುಡುಗಿ ಮೊದಲ ತುಂಡನ್ನು ಅಜ್ಜಿಯ ಬಾಯಿಗೇ ಇಟ್ಟಳು. ಅವರು ಚಪ್ಪರಿಸಿ, “ಬೆಣ್ಣೆ ದಂಡವಾಗಲಿಲ್ಲ ಬಿಡು” ಎಂದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ.

ಹಿಂದಿರುಗುವ ಮುನ್ನ ಅಣ್ಣನು ನನ್ನನ್ನು ಬ್ರಹ್ಮಗಿರಿಗೆ ಕರೆದೊಯ್ದನು. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬಳಿ ಅಶೋಕ ಚಕ್ರವರ್ತಿಯ ಶಾಸನವಿರುವ ಬಂಡೆಯಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು ಕೇಳಬೇಕು, ಗುರುಗಳನ್ನು ಗೌರವಿಸಬೇಕು ಎಂಬುದೂ ಅದರ ಬೋಧೆಗಳಲ್ಲಿ ಒಂದೆಂದು ಅಣ್ಣನು ವಿವರಿಸಿದಾಗ ನಾನು ಮೆಲ್ಲಗೆ ನಕ್ಕೆನು. ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಕೊರೆಸಿದ ಆ ಮಾತನ್ನು ನಾನು ಕಲಿತುದು ಹಿಂದಿನ ದಿನ, ಬೆಣ್ಣೆಯ ಪಾತ್ರೆಯ ಮುಂದೆ!